ಕೈ ಸೋಕದೆ ತೆರೆವ ಕಣ್ಣು

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಯ ಕಟ್ಟೊಂದನ್ನು ಬಿಚ್ಚಿ ನೋಡಿದ್ದರಿಂದಲೇ ಕೌಟಿಲ್ಯನ ‘ಅರ್ಥಶಾಸ್ತ್ರ’ 1909ರಲ್ಲಿ ಅಚ್ಚಿನ ಬೆಳಕು ಕಂಡಿತು. ಯಾವ ಕಟ್ಟಿನಲ್ಲಿ ಏನು ಅಡಗಿದೆಯೋ ಬಲ್ಲವರಾರು? ಆದರೆ ಹಳೆಯ ಓಲೆ ಮುಟ್ಟಿದಷ್ಟೂ ಮುರಿಯುತ್ತದೆ. ಓದಬೇಕಾದರೆ ಮುಟ್ಟಬೇಕು, ಉಳಿಯಬೇಕಾದರೆ ಮುಟ್ಟಬಾರದು.

ನಮ್ಮ ಮನೆಯ ಅಟ್ಟದಲ್ಲಿಯೂ ಅಂತಹುದೊಂದು ಕಟ್ಟಿದ್ದಿತು. ಅದರ ಚಿತ್ರಗಳನ್ನು ತೆಗೆದಿಡಬೇಕೆಂದು ಹೊರಟೆ. ಡಿಜಿಟಲ್ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಓಲೆಯ ಮೇಲೆ ಮುಖ ಕೆಳಗಾಗಿ ನಿಲ್ಲಿಸಿದೆ. ಮಂದವಾದ ಬೆಳಕು, ಷಟರ್ ಕಾಲು ಸೆಕೆಂಡಾದರೂ ತೆರೆದಿರಬೇಕು. ಗುಂಡಿಯನ್ನೊತ್ತಿದ ಬೆರಳಿನ ಅದುರು ಅಕ್ಷರಗಳನ್ನೆಲ್ಲ ಕಲಸಿಬಿಟ್ಟಿತು.

ನನ್ನ ವಿದ್ಯಾರ್ಥಿಯೊಬ್ಬ ಬಂದು ಕ್ಯಾಮೆರಾಗೂ ಕಂಪ್ಯೂಟರಿಗೂ ಒಂದು ಕೇಬಲ್ ಜೋಡಿಸಿದ. ‘ಜಿಫೋಟೊ’ ಎಂಬ, ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದಾದ ತಂತ್ರಾಂಶವೊಂದುಂಟು. ಅದರಿಂದ ಷಟರಿನ ವೇಗ, ಬೆಳಕನ್ನು ಒಳಬಿಡುವ ರಂಧ್ರದ ಅಗಲ ಎಲ್ಲವೂ ಕೀಲಿಮಣೆಯ ಅಧೀನವಾದುವು. ಕೀಲಿಯೊಂದನ್ನು ಒತ್ತಿದೊಡನೆ ಚಿತ್ರ ನೇರವಾಗಿ ಕಂಪ್ಯೂಟರಿಗೆ ಬಂದು, ಪರದೆಯ ಮೇಲೆ ಹಿಗ್ಗಿ ನಿಂತಿತು. “ಕ್ಯಾಮೆರಾ ಚಿಂತೆ ಬಿಡಿ ಸಾರ್, ನೀವು ಓಲೆ ನೋಡಿಕೊಳ್ಳಿ” ಎಂದ.

ಒಂದು ಓಲೆ ಮಾತ್ರ ಬರಿದಾಗಿ ಕಂಡಿತು. ತುಂಬಿದ್ದ ಮಸಿ ಅಳಿಸಿಹೋಗಿ, ಕಬ್ಬಿಣದ ಕಂಟದಿಂದ ಕೊರೆದ ಗೀರುಗಳಷ್ಟೇ ಉಳಿದಿದ್ದುವು. ದೀಪವನ್ನು ಪಕ್ಕಕ್ಕೆ ತಗ್ಗಿಸಿ ಹಿಡಿದೆ. ಗೀರುಗಳಲ್ಲಿ ನೆರಳು ತುಂಬಿ, ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರಗಳೆದ್ದುವು. ಯಂತ್ರ ನನ್ನ ಕೈಗೆ ಬಿಡುವು ಕೊಟ್ಟಿತು, ನಿಜ. ದೀಪವನ್ನು ಎಲ್ಲಿ ಹಿಡಿಯಬೇಕೆಂಬುದನ್ನು ಅದು ಹೇಳಲಿಲ್ಲ. ಅಕ್ಷರದ ಪರಿಚಯವಿದ್ದವರೇ ಅದನ್ನರಿಯಬೇಕು.

ಕಡೆಯ ಓಲೆಯಲ್ಲಿ ಲಿಪಿಕಾರ, ರೂಢಿಯಂತೆ, ತಪ್ಪಿದ್ದರೆ ತಿದ್ದಿ ಓದಬೇಕೆಂದು ಬಿನ್ನವಿಸಿಕೊಂಡಿದ್ದಾನೆ. ಕಟ್ಟು ಮತ್ತೆ ಬಟ್ಟೆಯೊಳಗೆ ಸೇರಿದೆ. ಅದನ್ನಿನ್ನು ಮುಟ್ಟಬೇಕಾಗಿಲ್ಲ, ಓದುವುದಷ್ಟೇ ಉಳಿದಿದೆ.