ಬಿಚ್ಚಿ ಕಟ್ಟಿದ ಇಂಜಿನ್ನಿನ ಸಪ್ಪಳ ನಿಲ್ಲದಿದ್ದರೆ

ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಒಕ್ಕಲಿಗ ಬಾಂಧವರಲ್ಲಿ ಹಳೆಯ ಟ್ರಾಕ್ಟರು ಇಟ್ಟುಕೊಂಡವರು ಬಹಳ. ಬೇಸಿಗೆಯಲ್ಲಿ ಸಾಲ ಮಾಡಿ ಇಂಜಿನ್ ಬಿಚ್ಚಿಸಿ ಲೈನರು, ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲ ಹೊಸದಾಗಿ ಹಾಕಿಸುತ್ತಾರೆ. ಮಿರಗದ ಮಳೆ ಹತ್ತಿರ ಬಂದಿರುತ್ತದೆ. ಚಾಲೂ ಮಾಡಿ ನೋಡಿದರೆ ಹಳೆಯ ಸಪ್ಪಳ ಹಾಗೆಯೇ ಇರುತ್ತದೆ! ಮಿಸ್ತ್ರಿಯನ್ನು ಕೇಳಿದರೆ, “ಹೊಸಾ ಮಾಲದ, ಓಡಿಸ್ರಿ, ಸೆಟ್ ಆಗ್ತದ” ಎನ್ನುತ್ತಾನೆ.

ಈ ಮಾತನ್ನು ಪೂರ್ತಿ ನಂಬಬಾರದು. ಹೊಸ ರಿಂಗುಗಳು ಲೈನರಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕೆಂಬುದು ನಿಜ. ಆದರೆ ಬಡಿತವು ಓಡಿಸಿದಂತೆ ಹೋಗುವಂಥದಲ್ಲ. ಹಾಗೆಂದು ಕೂಡಲೇ ಮತ್ತೆ ಬಿಚ್ಚಿಸುವುದೂ ಸಲ್ಲದು. ಸಪ್ಪಳ ಎಲ್ಲಿಯದೆಂದು ತಿಳಿಯುವವರೆಗೆ ಪಾನಾ ಮುಟ್ಟಗೊಡಬಾರದೆಂಬುದು ನಮ್ಮ ಅಭಿಪ್ರಾಯ.

ಮೊದಲು ಎಣ್ಣೆಯ ಒತ್ತಡದ ಮುಳ್ಳು ನೋಡಬೇಕು. ಇಂಜಿನ್ ಕಾದ ಮೇಲೆ ಮುಳ್ಳು ತೀರ ಕೆಳಗಿಳಿದು, ಭಾರ ಬಿದ್ದಾಗ ಕೆಳಗಿನಿಂದ ಧಡ್ ಧಡ್ ಎಂಬ ದಪ್ಪ ಸಪ್ಪಳ ಬಂದರೆ ಅದು ಬೇರಿಂಗಿನದೆಂದೇ ಸಂಶಯಪಡಬೇಕು. ಒಂದು ಸಾಲೂ ಹೊಡೆಯದೆ ನಿಲ್ಲಿಸುವುದು ಲೇಸು. ಇಲ್ಲವಾದರೆ ಕ್ರ್ಯಾಂಕೇ ಹಾಳಾದೀತು.

ಮೇಲಿನಿಂದ ಟಿಕ್ ಟಿಕ್ ಎಂದು ಹಗುರಾಗಿ ಬಂದರೆ ಟ್ಯಾಪೆಟ್ಟಿನ ಸಂದು ಹೆಚ್ಚಾಗಿರುತ್ತದೆ. ಹೆಡ್ಡಿನ ನಟ್ಟುಗಳನ್ನು ಮೊದಲು ಬಿಗಿದು ಆಮೇಲೆ ಸಂದು ಹಿಡಿಯಬೇಕು. ತಿರುವುಮುರುವಾದರೆ ಸಂದು ಮತ್ತೆ ಬದಲಾಗುತ್ತದೆ. ಕ್ಲಚ್ಚು ಒತ್ತಿದಾಗ ಸಪ್ಪಳ ಬದಲಾದರೆ ಕ್ಲಚ್ಚಿನ ಬೇರಿಂಗು ಅಥವಾ ಕ್ರ್ಯಾಂಕಿನ ಥ್ರಸ್ಟ್ ವಾಶರು ನೋಡಿಸಬೇಕು. ಫ್ಯಾನಿನ ಬೆಲ್ಟು ತೆಗೆದು ಒಂದೇ ನಿಮಿಷ ಓಡಿಸಿದಾಗ ಸಪ್ಪಳ ನಿಂತರೆ ಇಂಜಿನ್ನಿನ ಒಳಗೆ ದೋಷವಿಲ್ಲ. ನೀರಿನ ಪಂಪೋ ಡೈನಮೋವೋ ಕೆಟ್ಟಿದೆ.

ನಮ್ಮ ನೆರೆಯ ಒಕ್ಕಲಿಗರೊಬ್ಬರ ಮೂರು ಸಿಲಿಂಡರಿನ ಟ್ರಾಕ್ಟರಿನಲ್ಲಿ ಇವಾವುವೂ ಇರಲಿಲ್ಲ. ಆದರೂ ಕಟ್ ಕಟ್ ಎಂಬ ಗಡಸು ಬಡಿತ. ಅವರು ಎರಡನೆಯ ಸಲ ಬಿಚ್ಚಿಸಲು ಹೊರಟಿದ್ದರು. ಅದಕ್ಕೂ ಮೊದಲು ಬೇರೊಬ್ಬ ಹಿರಿಯ ಮಿಸ್ತ್ರಿಯನ್ನು ಕರೆಸಿದೆವು. ಆತ ಇಂಜಿನ್ನನ್ನು ನಿಧಾನ ಓಡಬಿಟ್ಟು, ನೋಝಲ್ಲಿಗೆ ಹೋಗುವ ಡೀಸೆಲ್ ನಳಿಗೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದ. ಮೂರನೆಯದನ್ನು ಸಡಿಲಿಸಿದಾಗ ಬಡಿತ ನಿಂತಿತು. ದೋಷ ಆ ಸಿಲಿಂಡರಿನದೆಂದು ಗೊತ್ತಾಯಿತು, ಆದರೆ ಅದು ಕನೆಕ್ಟಿಂಗ್ ರಾಡಿನದೋ ನೋಝಲ್ಲಿನದೋ? ಇಂಜಿನ್ ನಿಲ್ಲಿಸಿ, ಮೂರನೆಯ ನೋಝಲ್ಲನ್ನು ಒಂದನೆಯದರ ಜಾಗಕ್ಕೂ ಒಂದನೆಯದನ್ನು ಮೂರನೆಯದಕ್ಕೂ ಹೊಸ ತಾಮ್ರದ ವಾಶರು ಹಾಕಿ ಕೂಡಿಸಿದ. ಬಡಿತವೂ ಒಂದನೆಯ ಸಿಲಿಂಡರಿಗೆ ಬಂತು! ಇಂಜಿನ್ನಿಗೆಲ್ಲ ಹೊಸ ಮಾಲು ಹಾಕಿಸಿದವರು ನೋಝಲ್ಲು ಮಾತ್ರ ಹಳೆಯದನ್ನೇ ಉಳಿಸಿದ್ದರು. ಅದು ಡೀಸೆಲ್ಲನ್ನು ಸಿಂಪಡಿಸುವ ಬದಲು ಹನಿಸುತ್ತಿತ್ತು. ಹೀಗೆ ಹನಿಸಿದ ಡೀಸೆಲ್ ಸರಿಯಾಗಿ ಉರಿಯದೆ ಕೂಡಿಕೊಂಡು ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಅದೇ ಆ ಬಡಿತ. ಮೂರೂ ಸಿಲಿಂಡರಿನಲ್ಲಿ ಒಂದೇ ಸಮನೆ ಇಂಥ ಬಡಿತವಿದ್ದರೆ ಮಾತ್ರ ಪಂಪು ಡೀಸೆಲ್ಲನ್ನು ಮುಂಚಿತವಾಗಿ ಕೊಡುತ್ತಿರಬಹುದು. ಆಗ ಗೇರುಗಳ ಗುರುತು ಕೂಡಿದೆಯೇ ನೋಡಿಸಬೇಕು.

ಈ ಪರೀಕ್ಷೆಯನ್ನು ತಿಳಿದವರಿಂದಲೇ ಮಾಡಿಸತಕ್ಕದ್ದು. ನೋಝಲ್ಲಿನಿಂದ ಚಿಮ್ಮುವ ಡೀಸೆಲ್ ಚರ್ಮದೊಳಗೆ ಹೊಗುವಷ್ಟು ಜೋರಾಗಿರುತ್ತದೆ, ಕೈ ಒಡ್ಡಬಾರದು. ಧೋತರದ ಚುಂಗು ಫ್ಯಾನಿನ ಹತ್ತಿರ ಸುಳಿಯಬಾರದು. 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂದ ಮೇಲೆ ಅನೇಕವುಗಳಲ್ಲಿ ಕಾಮನ್ ರೇಲ್ ಪದ್ಧತಿ ಬಂದಿದೆ. ಅವುಗಳ ನಳಿಗೆಯನ್ನು ಇಂಜಿನ್ ಓಡುವಾಗ ಎಂದಿಗೂ ಸಡಿಲಿಸಕೂಡದು.

ಮಿಸ್ತ್ರಿಗೆ ಮರಾಠಿಯಲ್ಲಿ “ಆವಾಜ್ ಯೇತೋ” ಎಂದಷ್ಟೇ ಹೇಳಿದರೆ ಸಾಲದು. ತಂಪಿದ್ದಾಗಲೋ ಕಾದಾಗಲೋ, ಖಾಲಿ ಓಡುವಾಗಲೋ ಕಬ್ಬಿನ ಟ್ರಾಲಿ ಎಳೆಯುವಾಗಲೋ, ಇದನ್ನು ಚೀಟಿಯಲ್ಲಿ ಬರೆದೊಯ್ಯಬೇಕು. ನೋಝಲ್ಲನ್ನು ಅಂಗಡಿಯಲ್ಲಿ ನಮ್ಮೆದುರೇ ಕೈಪಂಪಿನಿಂದ ಒತ್ತಿ ತೋರಿಸಲು ಹೇಳಬೇಕು: ಡೀಸೆಲ್ ಮಂಜಿನಂತೆ ಹಾರಬೇಕು, ತುದಿಯಲ್ಲಿ ಹನಿ ನಿಲ್ಲಬಾರದು.