ಗಣಕಯಂತ್ರದ ತಪ್ಪಿದ ದಾರಿ

ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇರಿಸಿಕೊಳ್ಳುವುದು ಇಂದು ವಿದ್ಯಾರ್ಥಿಗಳಲ್ಲಿ ಅಪರೂಪವೇನಲ್ಲ. ಕೆಲಕಾಲದ ಮೇಲೆ ಲಿನಕ್ಸ್ ಬೇಡವೆನಿಸಿದರೆ, ಅದು ನೆಲಸಿದ್ದ ಡಿಸ್ಕಿನ ವಿಭಾಗವನ್ನು ವಿಂಡೋಸಿನೊಳಗಿನಿಂದಲೇ ಅಳಿಸಿಬಿಡುತ್ತಾರೆ. ಆಗ ಯಾವ ತೊಂದರೆಯೂ ಕಾಣದು. ಮರುದಿನ ಗುಂಡಿಯನ್ನು ಒತ್ತಿದಾಗ, ಕಪ್ಪು ತೆರೆಯ ಮೇಲೆ ‘ಅಂತಹ ವಿಭಾಗವಿಲ್ಲ’ ಎಂಬರ್ಥದ ಒಂದು ಸಾಲು. ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಮಾತು. ಬರೆದ ಪ್ರಬಂಧ, ಪ್ರಯೋಗಶಾಲೆಯ ಅಳತೆಗಳು, ಮನೆಯವರ ಚಿತ್ರಗಳು ಎಲ್ಲವೂ ಹೋದುವೆಂದು ಕಂಗೆಟ್ಟು ಬರುವ ವಿದ್ಯಾರ್ಥಿಗಳನ್ನು ನಾವು ಪದೇ ಪದೇ ಕಂಡಿದ್ದೇವೆ. ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಡುವ ಅಂಗಡಿಯವರೂ ಉಂಟು. ಅವೆಲ್ಲ ನಿಜವಾಗಿ ಹೋಗುವುದು ಆಗಲೇ!

ಹಾಗಾದರೆ ಕೆಟ್ಟಿರುವುದೇನು? ಹಳೆಯ ಬಗೆಯ, ಎಂದರೆ ಬಯಾಸ್ ಉಳ್ಳ ಯಂತ್ರವನ್ನು ಮೊದಲು ನೋಡೋಣ. ವಿದ್ಯುತ್ತು ಹರಿದೊಡನೆ ಕೆಲಸಕ್ಕೆ ತೊಡಗುವುದು ಬಯಾಸ್ ಎಂಬ ಪುಟ್ಟ ಪ್ರೋಗ್ರಾಮು. ಅದಕ್ಕೆ ವಿಂಡೋಸೂ ತಿಳಿಯದು, ಲಿನಕ್ಸೂ ತಿಳಿಯದು. ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಓದಿ, ಅಲ್ಲಿರುವ ಆಜ್ಞೆಗಳಿಗೆ ಯಂತ್ರವನ್ನು ಒಪ್ಪಿಸುವುದಷ್ಟೇ ಅದರ ಹೊಣೆ. ತನ್ನ ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ. ‘ಬೂಟ್’ ಎಂಬ ಮಾತು ಹುಟ್ಟಿದುದು ಅದರಿಂದಲೇ.

ಆ ಸೆಕ್ಟರಿನ ಅಳತೆ 512 ಬೈಟುಗಳು. ಅದರಲ್ಲಿ 446 ಬೈಟುಗಳ ಎಡೆ ಆರಂಭದ ಆಜ್ಞೆಗಳಿಗೆ. ಮುಂದಿನ 64 ಬೈಟುಗಳಲ್ಲಿ ಡಿಸ್ಕಿನ ವಿಭಾಗಗಳ ಪಟ್ಟಿ. ಕೊನೆಯ ಎರಡು ಬೈಟುಗಳು ಮುದ್ರೆಯ ಗುರುತು. ಲಿನಕ್ಸಿನೊಡನೆ ಬರುವ ಗ್ರಬ್ ಇಷ್ಟು ಕಿರಿದಾದ ಎಡೆಯಲ್ಲಿ ಹಿಡಿಸದು. ಆದುದರಿಂದ ಅದರ ತುಣುಕೊಂದು ಇಲ್ಲಿಯೂ, ಇನ್ನೊಂದು ಇದರ ಬೆನ್ನಿಗಿರುವ ಖಾಲಿ ಜಾಗದಲ್ಲಿಯೂ, ಉಳಿದುದೆಲ್ಲ ಸಾಮಾನ್ಯವಾಗಿ ಲಿನಕ್ಸಿನ ವಿಭಾಗದಲ್ಲಿಯೂ ಇರುತ್ತದೆ. ಆ ವಿಭಾಗವನ್ನು ಅಳಿಸಿದೆವೆಂದರೆ, ಹೆಬ್ಬಾಗಿಲಿನಲ್ಲಿ ದಾರಿ ತೋರುವವನನ್ನು ನಿಲ್ಲಿಸಿ ಅವನ ನಕ್ಷೆಯನ್ನು ಸುಟ್ಟಂತಾಯಿತು. ಒಳಗೆ ವಿಂಡೋಸ್ ಸುಖವಾಗಿಯೇ ಇದೆ, ಕರೆಯುವವರಿಲ್ಲ.

ದುರಸ್ತಿ ಸುಲಭ. ಬೇರೊಂದು ಯಂತ್ರದಲ್ಲಿ ವಿಂಡೋಸಿನ ಅನುಸ್ಥಾಪನೆಯ ಪೆನ್ ಡ್ರೈವನ್ನು ಸಿದ್ಧಪಡಿಸಿ, ಅದರಿಂದ ಯಂತ್ರವನ್ನು ಎಬ್ಬಿಸಿ, ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟದೆ ‘ರಿಪೇರ್’ ಎಂಬುದನ್ನು ಆರಿಸಬೇಕು. ಅಲ್ಲಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಬೂಟ್‌ರೆಕ್’ ಎಂಬ ಆಜ್ಞೆಯನ್ನು ‘ಫಿಕ್ಸ್‌ಎಂಬಿಆರ್’ ಎಂಬ ಸೂಚನೆಯೊಡನೆ ಕೊಟ್ಟರೆ, ಗ್ರಬ್ಬಿನ ತುಣುಕಿನ ಜಾಗದಲ್ಲಿ ವಿಂಡೋಸಿನ ಆಜ್ಞೆಗಳು ಬಂದು ಕೂರುತ್ತವೆ. ಈ ಆಜ್ಞೆ ವಿಭಾಗಗಳ ಪಟ್ಟಿಯನ್ನು ಮುಟ್ಟುವುದಿಲ್ಲ. ಆದರೆ ಗ್ರಬ್ಬನ್ನು ತೊಲಗಿಸುವ ಆತುರದಲ್ಲಿ 512 ಬೈಟುಗಳನ್ನೂ ಸೊನ್ನೆಗಳಿಂದ ತುಂಬುವವರು ಆ ಪಟ್ಟಿಯನ್ನೂ ಕಳೆದುಕೊಳ್ಳುತ್ತಾರೆ. ಡಿಸ್ಕು ಬರಿದಾದಂತೆ ತೋರುತ್ತದೆ. ಆಗಲೂ ಕಡತಗಳು ಇದ್ದಲ್ಲಿಯೇ ಇರುತ್ತವೆ. ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯದಿದ್ದರೆ, ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ಸಾಧನದಿಂದ ವಿಭಾಗಗಳ ಗಡಿಗಳನ್ನು ಹುಡುಕಿ, ಪಟ್ಟಿಯನ್ನು ಮತ್ತೆ ಬರೆಯಲು ಬಹುಮಟ್ಟಿಗೆ ಸಾಧ್ಯ.

ಈಚಿನ ಯಂತ್ರಗಳ ಕ್ರಮವೇ ಬೇರೆ. 2021ರಲ್ಲಿ ಬಂದ ವಿಂಡೋಸ್ 11 ಬಯಾಸಿನ ಬದಲು ಯುಇಎಫ್ಐ ಎಂಬ ಏರ್ಪಾಡನ್ನೇ ಬೇಡುತ್ತದೆ. ಇಲ್ಲಿ ಡಿಸ್ಕಿನಲ್ಲಿ ಪುಟ್ಟದೊಂದು ಪ್ರತ್ಯೇಕ ವಿಭಾಗವಿದ್ದು, ಪ್ರತಿಯೊಂದು ವ್ಯವಸ್ಥೆಯೂ ತನ್ನ ಬೂಟ್ ಕಡತವನ್ನು ಅಲ್ಲಿ ಬೇರೆಬೇರೆಯಾಗಿ ಇಡುತ್ತದೆ. ಯಾವುದು ಮೊದಲೆಂಬ ಸರದಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ಲಿನಕ್ಸ್ ಹೋದರೂ ಸರದಿಯಲ್ಲಿ ಅದರ ಹೆಸರೇ ಮುಂದಿದ್ದರೆ ಫಲ ಮೊದಲಿನದೇ. ಫಿಕ್ಸ್‌ಎಂಬಿಆರ್ ಇಲ್ಲಿ ಪ್ರಯೋಜನಕ್ಕೆ ಬಾರದು. ಯಂತ್ರ ಏಳುವಾಗಲೇ ಸೆಟಪ್ ಪುಟವನ್ನು ತೆರೆದು, ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಹೆಸರನ್ನು ಮೇಲಕ್ಕೆ ತಂದರೆ ಸಾಮಾನ್ಯವಾಗಿ ಸಾಕು. ಆ ಹೆಸರೇ ಇಲ್ಲವಾದರೆ, ಮೇಲೆ ಹೇಳಿದ ಕಮಾಂಡ್ ಪ್ರಾಂಪ್ಟಿನಿಂದ ‘ಬಿಸಿಡಿಬೂಟ್’ ಎಂಬ ಆಜ್ಞೆಯ ಮೂಲಕ ವಿಂಡೋಸಿನ ಬೂಟ್ ಕಡತಗಳನ್ನು ಮತ್ತೆ ಬರೆಸಬೇಕು.

ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದಲ್ಲಿ, ಇಂತಹ ಬದಲಾವಣೆಯನ್ನು ಕಂಡು ಅದು 48 ಅಂಕಿಗಳ ಕೀಲಿಯನ್ನು ಕೇಳುವುದುಂಟು. ಕೀಲಿಯಿಲ್ಲದೆ ಆ ಬೀಗ ತೆರೆಯದು. ಆದಕಾರಣ ಲಿನಕ್ಸನ್ನು ತೆಗೆಯುವ ಮುನ್ನ, ವಿಂಡೋಸ್ ಇನ್ನೂ ಏಳುತ್ತಿರುವಾಗಲೇ, ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು.