ಕಡಲು ಕಡೆಯುವುದೆಲ್ಲಿ?

ದೇವದಾನವರು ಕೂಡಿ ಕಡಲನ್ನು ಕಡೆದ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿರುವೆವು. ಕಡಲಿನ ಮಥನವು ಇಂದಿಗೂ ನಿಂತಿಲ್ಲ. ಅದು ಎಲ್ಲಿ, ಎಷ್ಟು ಬಲವಾಗಿ ನಡೆಯುತ್ತದೆಂಬುದನ್ನು ವಿಜ್ಞಾನಿಗಳು ಅಳೆದ ಬಗೆಯನ್ನು ಈ ಹೊತ್ತು ವಿಚಾರಮಾಡೋಣ.

ಧ್ರುವಪ್ರದೇಶಗಳ ಬಳಿ ತಣಿದು ಭಾರವಾದ ನೀರು ಸಾಗರದ ಆಳಕ್ಕೆ ಇಳಿಯುತ್ತಲೇ ಇರುತ್ತದೆ. ಹಾಗಿದ್ದರೂ ಸಾಗರವೆಲ್ಲವೂ ಶೀತಜಲದಿಂದ ತುಂಬಿಹೋಗಿಲ್ಲ. ಮೇಲಣ ಉಷ್ಣವನ್ನು ಸುಳಿಗಳು ಕಲಕಿ ಕೆಳಕ್ಕೆ ಒಯ್ಯುವುದು ಇದಕ್ಕೆ ಒಂದು ಮುಖ್ಯ ಕಾರಣ. ಈ ಮಿಶ್ರಣದ ಪ್ರಮಾಣವು ಸೆಕೆಂಡಿಗೆ ಸುಮಾರು 1 ಚದರ ಸೆಂಟಿಮೀಟರ್ ಇರಬೇಕೆಂದು ವಾಲ್ಟರ್ ಮಂಕ್ ಅವರು 1966ರಲ್ಲಿ ಗಣಿಸಿದರು. ನಿಶ್ಚಲವಾದ ನೀರಿನಲ್ಲಿ ಉಷ್ಣವು ತಾನಾಗಿ ಹರಡುವ ಪ್ರಮಾಣಕ್ಕಿಂತ ಇದು ಹಲವು ನೂರು ಮಡಿ ಹೆಚ್ಚು.

ಲೆಕ್ಕವೇನೋ ಆಯಿತು, ಪ್ರತ್ಯಕ್ಷ ಪ್ರಮಾಣವೆಲ್ಲಿ? ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗುತ್ತದೆ. ಕೊನೆಗೆ ಸೆಂಟಿಮೀಟರಿನಷ್ಟು ಕಿರಿಯ ಸುಳಿಗಳಲ್ಲಿ ಚಲನೆಯು ಸವೆದು ಶಾಖವಾಗುತ್ತದೆ. ನೀರಿನಲ್ಲಿ ಮೆಲ್ಲನೆ ಇಳಿಯುವ ನೀಳವಾದ ಉಪಕರಣವೊಂದು ತನ್ನ ಸೂಕ್ಷ್ಮವಾದ ತುದಿಯಿಂದ ಈ ಕಿರುಸುಳಿಗಳ ವೇಗವ್ಯತ್ಯಾಸವನ್ನು ಗುರುತಿಸುವುದು. ಅದರಿಂದ ಮಿಶ್ರಣದ ಬಲವನ್ನು ಗಣಿಸಬಹುದು. ಆದರೆ ತೆರೆದ ಸಾಗರದಲ್ಲಿ ದೊರೆತ ಬೆಲೆಯು ಮಂಕ್ ಅವರ ಲೆಕ್ಕದ ಹತ್ತನೆಯ ಒಂದು ಪಾಲು ಮಾತ್ರ!

ಉಪಕರಣವು ಕ್ಷಣಕಾಲದ ಸಾಕ್ಷಿ. ಅಪರೂಪದ ಪ್ರಬಲ ಕಲಕುಗಳು ಅದರ ಕಣ್ಣಿಗೆ ಬೀಳದೆ ಹೋಗಿರಬಹುದಲ್ಲವೆ? ಈ ಸಂದೇಹವನ್ನು ಪರಿಹರಿಸಲು 1992ರಲ್ಲಿ ಕೆನರಿ ದ್ವೀಪಗಳ ಪಶ್ಚಿಮಕ್ಕೆ, ಸುಮಾರು 300 ಮೀಟರ್ ಆಳದಲ್ಲಿ, ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ತೆಳುವಾದ ಪದರವಾಗಿ ಬಿಟ್ಟರು. ಅತ್ಯಲ್ಪವಾಗಿದ್ದರೂ ಇದನ್ನು ಪತ್ತೆಮಾಡಬಹುದು. ತಿಂಗಳುಗಟ್ಟಲೆ ಕಾದು, ಆ ಪದರವು ಮೇಲೆಕೆಳಗೆ ಎಷ್ಟು ದಪ್ಪವಾಯಿತೆಂದು ಅಳೆದಾಗಲೂ ಬಂದ ಉತ್ತರವು ಹತ್ತರಲ್ಲೊಂದು ಪಾಲೇ. ಉಪಕರಣದ ಸಾಕ್ಷ್ಯವು ನಿಜವಾಯಿತು.

ಉಳಿದ ಮಿಶ್ರಣವು ಎಲ್ಲಿ ಅಡಗಿತ್ತು? 1996ರಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರದ ಬ್ರೆಜಿಲ್ ಜಲಾನಯನದಲ್ಲಿ ಆರಂಭವಾದ ಅಳತೆಗಳು ದಾರಿ ತೋರಿದವು. ನುಣುಪಾದ ತಳದ ಮೇಲೆ ನೀರು ಶಾಂತವಾಗಿತ್ತು. ಒರಟಾದ ಪರ್ವತಶ್ರೇಣಿಯ ಮೇಲೆ, ತಳದ ಸಮೀಪದಲ್ಲಿ, ಮಿಶ್ರಣವು ಮಂಕ್ ಅವರ ಬೆಲೆಯನ್ನೂ ಮೀರಿತ್ತು. ಚಂದ್ರಸೂರ್ಯರ ಆಕರ್ಷಣೆಯಿಂದ ಹುಟ್ಟುವ ಉಬ್ಬರವಿಳಿತದ ಪ್ರವಾಹವು ಆ ಬೆಟ್ಟಗಳ ಮೇಲೆ ಹಾಯುವಾಗ ಸಾಗರದ ಒಳಗೇ ಅಲೆಗಳೆದ್ದು ಮುರಿಯುತ್ತವೆ. ಕಡಲು ಎಲ್ಲೆಡೆಯೂ ಒಂದೇ ಸಮನೆ ಕಡೆಯಲ್ಪಡುವುದಿಲ್ಲ, ಕಡೆಗೋಲು ಬೆಟ್ಟಗಳಿರುವೆಡೆಯಲ್ಲಿದೆ.

ಇದು ಕೇವಲ ಕುತೂಹಲದ ಮಾತಲ್ಲ. ಕಾಯುತ್ತಿರುವ ಭೂಮಿಯ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90 ಪಾಲಿನಷ್ಟನ್ನು ಸಾಗರವೇ ಹೀರಿಕೊಂಡಿದೆ. ಆ ಶಾಖವು ಎಷ್ಟು ಆಳಕ್ಕಿಳಿದು ಎಷ್ಟು ಕಾಲ ಅಲ್ಲಿರುವುದೆಂಬುದಕ್ಕೆ ಈ ಮಿಶ್ರಣವೂ ಕಾರಣ. ಹವಾಗುಣವನ್ನು ಗಣಿಸುವ ಯಂತ್ರಗಳಿಗೆ ಬೆರಳಗಲದ ಸುಳಿಗಳು ಕಾಣಿಸವು; ಅಳೆದ ಬೆಲೆಗಳನ್ನು ನಾವೇ ಅವಕ್ಕೆ ಒದಗಿಸಬೇಕು. ಲೋಕದ ನಾಳಿನ ಬಿಸಿಲನ್ನು ಕುರಿತ ಲೆಕ್ಕವು ಇಷ್ಟು ಕಿರಿದಾದ ಸುಳಿಗಳನ್ನೂ ಅವಲಂಬಿಸಿರುವುದು.